ಎಂಟೂ ಇಪ್ಪತ್ತರ ಬಸ್ಸು

ಗೋಡೆಗೆ ಬೆನ್ನು ಕೊಟ್ಟು ಕೂತುಕೋ ದೇಚು.
ಕಿಟಕಿಗೆ ಕೊಡಬೇಡ, ಕತ್ತಲಾದ ಮೇಲೆ ಆ ಗಾಜು
ನಿನ್ನ ಹದಿಮೂರೂ ಎಲೆಗಳನ್ನು
ಎದುರಿನವಳಿಗೆ ಓದಿ ಹೇಳುತ್ತದೆ.
ನೀಲಕ್ಕ ಮೂರು ವರ್ಷ ಗೆದ್ದದ್ದು ಹಾಗೆ;
ನಾವು ಅದನ್ನು ಕೈಗುಣ ಅಂದುಕೊಂಡಿದ್ದೆವು.

ಹಂದಿ ಸಾರು ತಿಂದ ಕೈಯಲ್ಲಿ ಕಟ್ಟು ಮುಟ್ಟಬೇಡ.
ಆಟೀನು ಒಂಬತ್ತರ ಬೆನ್ನಿಗೆ
ಹೋದ ಪುತ್ತರಿಯ ಎಣ್ಣೆ ಹೆಬ್ಬೆರಳು ಅಂಟಿದೆ,
ಅದು ಯಾರ ಕೈ ಸೇರಿತೆಂದು ಇಡೀ ಕ್ಲಬ್ಬಿಗೇ ಗೊತ್ತು.

ಮೂರೆಲೆ ನನಗೆ ಆಗಿಬರುವುದಿಲ್ಲ.
ಅಲ್ಲಿ ಎಲೆಗಿಂತ ಮುಖ ಆಡಬೇಕು.
ನನ್ನದೋ, ಮೂವತ್ತು ವರ್ಷ ಎಸ್ಟೇಟ್ ಆಸ್ಪತ್ರೆಯಲ್ಲಿ
ಸೂಜಿ ಚುಚ್ಚುವ ಮೊದಲೇ
ನೋಯುತ್ತೆ ಅಂತ ಹೇಳಿಬಿಟ್ಟ ಮುಖ.

ಇಪ್ಪತ್ತೆಂಟು ಚೆಂದದ ಆಟ. ಜೊತೆ ಬೇಕು.
ನನ್ನವರು ಕೈಯಲ್ಲಿ ಗುಲಾಮನಿದ್ದರೆ
ಒಂದು ಸಲ ಕೆಮ್ಮುತ್ತಿದ್ದರು.
ಆಮೇಲೆ ನಿಜದ ಕೆಮ್ಮು ಬಂತು.
ಆ ವರ್ಷ ಯಾವುದು ಎಲೆ, ಯಾವುದು ಎದೆ
ತಿಳಿಯದೆ ತುಂಬ ಸೋತೆವು.

ಹಾಗಾಗಿ ರಮ್ಮಿ.

ಮೊದಲು ಲೈಫ್ ಮಾಡಿಕೋ, ಜೋಕರ್ ಇಲ್ಲದ ಒಂದು ಸಾಲು.
ಅದಾಗುವ ತನಕ ಕೈತುಂಬ ರಾಜರಿದ್ದರೂ ಬರೀ ಹೊರೆ.
ದೊಡ್ಡವರನ್ನು ಬೇಗ ಎಸೆ,
ಒಬ್ಬೊಬ್ಬರಿಗೂ ಹತ್ತು ಪಾಯಿಂಟು ದಂಡ.
ಏಳನ್ನು ಸಾಕು.
ಏಳಕ್ಕೆ ಐದರ ಕಡೆಯಿಂದಲೂ ಸಂಬಂಧ ಬರುತ್ತದೆ,
ಒಂಬತ್ತರ ಕಡೆಯಿಂದಲೂ ಬರುತ್ತದೆ.
ರಾಜನಿಗೆ ಎಕ್ಕ ಬಿಟ್ಟರೆ ಆಚೆ ಗೋಡೆ.

ಕೈ ಕೆಟ್ಟಿದ್ದರೆ ಮೊದಲ ಸುತ್ತಿನಲ್ಲೇ ಮಡಚು, ಇಪ್ಪತ್ತು ಹೋಯಿತು.
ನೋಡೋಣ ಅಂದರೆ ನಲವತ್ತು.
ಇನ್ನೊಂದೇ ಎಲೆ ಅಂದರೆ ಎಂಬತ್ತು.
ಬಾಚಮ್ಮನ ಬಲಗೈ ಯಾಕೆ ಬೋಳು ಕೇಳಿದ್ದೆಯಲ್ಲ,
ಆ ಬಳೆಯ ಹೆಸರು ಇನ್ನೊಂದೇ ಎಲೆ.

ಇದೆಲ್ಲ ಯಾರಾದರೂ ಹೇಳಿಕೊಡುತ್ತಾರೆ.
ನನ್ನದೇ ಅನ್ನುವ ಗುಟ್ಟು ಒಂದಿದೆ:
ವಿರಾಜಪೇಟೆಯಿಂದ ಸಿದ್ದಾಪುರಕ್ಕೆ
ಎಂಟೂ ಇಪ್ಪತ್ತರ ಬಸ್ಸು.
ಗೆಲ್ಲುತ್ತಿರು, ಸೋಲುತ್ತಿರು,
ಎಂಟಾಯಿತೆಂದರೆ ಚೀಲ ಎತ್ತು, ಚಪ್ಪಲಿ ಹುಡುಕು.
ಹನ್ನೊಂದು ವರ್ಷ ನನ್ನನ್ನು ಕಾಪಾಡಿದ್ದು
ಬುದ್ಧಿಯಲ್ಲ, ಕೊನೆಯ ಬಸ್ಸು.

ಒಂದು ಡಿಸೆಂಬರಿನ ರಾತ್ರಿ
ಅಡಿಗೆಯ ಕುಂಞಿರಾಮ ಬಾಗಿಲಲ್ಲಿ ನಿಂತು,
ಅಮ್ಮತ್ತಿ ದಾಟಿದ ಮೇಲೆ ರಸ್ತೆಯಲ್ಲಿ ಆನೆಯಂತೆ,
ಮೂರು ದೊಡ್ಡವು, ಒಂದು ಮರಿ,
ಬಸ್ಸು ಬಿಡುವುದಿಲ್ಲವಂತೆ ಅಂದ.
ಮರಿ ಅಂದದ್ದಕ್ಕೆ ನಂಬಿದೆ.
ಸುಳ್ಳಿಗೆ ಯಾರು ಮರಿ ಸೇರಿಸುತ್ತಾರೆ?

ಹನ್ನೊಂದರವರೆಗೆ ಸಾವಿರದ ನಾನೂರು ಗೆದ್ದೆ.
ಎರಡಕ್ಕೆ ಆ ತಿಂಗಳ ಪೆನ್ಶನ್ ಮುಗಿದಿತ್ತು.
ಎದ್ದು ಹೋಗಲು ನೆಪವೇ ಇಲ್ಲದವಳು
ಎಷ್ಟು ಕೆಟ್ಟ ಆಟಗಾರ್ತಿ ಅಂತ ಅವತ್ತು ಗೊತ್ತಾಯಿತು.

ಮುಖ ತೊಳೆಯಲು ಹಿತ್ತಿಲಿಗೆ ಹೋದರೆ
ಸಿಲ್ವರ್ ಓಕಿನ ಕೆಳಗೆ ಬಸ್ಸು,
ದೀಪ ಆರಿಸಿಕೊಂಡು, ಡ್ರೈವರ್ ಸೀಟಿನಲ್ಲಿ ಬೆಕ್ಕು.
ಪಕ್ಕದ ಸೌದೆ ಕೊಟ್ಟಿಗೆಯಲ್ಲಿ ಲಾಟೀನು,
ಮೊಳೆಗೆ ತೂಗಿದ ಖಾಕಿ ಅಂಗಿ,
ನೋಟಿನ ಗುಡ್ಡೆಯ ಹಿಂದೆ ಬನಿಯನ್ನಿನಲ್ಲಿ ಮೊಣ್ಣಪ್ಪ,
ಅಂದರ್ ಬಾಹರ್ ಹಂಚುತ್ತಿದ್ದಾನೆ.

ಆನೆ ಎಲ್ಲಿ ಮೊಣ್ಣಪ್ಪ, ಅಂದೆ.
ಅವನು ತಲೆ ಎತ್ತಲಿಲ್ಲ.
ಒಳಗೋ ಹೊರಗೋ ಬೇಗ ಹೇಳಿ ಅಕ್ಕ, ಅಂದ.

ಕೊನೆಯ ಐವತ್ತು ಒಳಗೆ ಇಟ್ಟೆ.
ಹೊರಗೆ ಬಿತ್ತು.

ಬೆಳಿಗ್ಗೆ ಟಿಕೇಟಿಗೆ ಅವನೇ ಸಾಲ ಕೊಟ್ಟ,
ಅಮ್ಮತ್ತಿ ದಾಟುವಾಗ ಹಾರ್ನ್ ಹೊಡೆದ,
ಇಲ್ಲೇ ಅಕ್ಕ ಇಲ್ಲೇ, ಅಂತ ಖಾಲಿ ರಸ್ತೆ ತೋರಿಸಿದ.
ಹೌದು, ದೊಡ್ಡ ಮರಿ, ಅಂದೆ.

ಕಲಸು. ಹಾಗಲ್ಲ, ಮಂಜಿಗೆ ಎಲೆ ಅಂಟಿಕೊಂಡಿದೆ,
ಉಗುರಿನಿಂದ ಬಿಡಿಸು.
ಗಂಟೆ ಎಷ್ಟು ನೋಡು, ಏಳೂ ಮುಕ್ಕಾಲಾ?
ಸರಿ. ಒಂದು ಆಟ ಆಗುತ್ತೆ.