ಕಾರಿಡಾರಿನ ಬೆಂಚು

ಮೂರನೇ ಪೀರಿಯಡ್ಡು ಧರ್ಮದ ಪಾಠ.
ಇಪ್ಪತ್ತಾರು ಮಕ್ಕಳು ಒಳಗೆ,
ನನ್ನ ಡೋಬ್ರಾವ ಹೊರಗೆ
ಕೋಟು ನೇತುಹಾಕುವ ಗೂಟಗಳ ಕೆಳಗೆ
ಬಣ್ಣ ಎದ್ದುಹೋದ ಬೆಂಚಿನ ಮೇಲೆ.
ಅಷ್ಟು ಹೊತ್ತು ಏನು ಮಾಡಿದೆಯೇ ಎಂದರೆ
"ಗೂಟ ಎಣಿಸಿದೆ. ಮೂವತ್ತೊಂದು.
ಒಂದು ಮುರಿದಿದೆ."

ಆ ಕಾಗದಕ್ಕೆ ಸಹಿ ಹಾಕಿದವಳು ನಾನೇ.
ದೇವರ ಜೊತೆ ನನಗೆ ಜಗಳವಿಲ್ಲ,
ಇಲ್ಲದವನ ಜೊತೆ ಎಂಥ ಜಗಳ.
ಇದ್ದದ್ದು ಅಮ್ಮನ ಜೊತೆ.
ಲೆಯೊಕಾದಿಯಾ, ಎಪ್ಪತ್ತಾರು,
ಹಿಮ ಮೊಣಕಾಲಿಗೆ ಬಂದರೂ
ಬೆಳಗಿನ ಬಲಿಪೂಜೆ ತಪ್ಪಿಸದವಳು.
ಸುದ್ದಿ ಕೇಳಿ ಫೋನಿನಲ್ಲಿ ಬರೀ ಉಸಿರು ಬಿಟ್ಟಳು.
ಆಮೇಲೆ ಕೇಳಿದಳು:
"ಹುಡುಗಿಗೆ ಅಲ್ಲಿ ಚಳಿಯಾಗುವುದಿಲ್ಲವೇನೆ?"

ಆಗುತ್ತಿತ್ತು.

ಫೆಬ್ರವರಿಯಲ್ಲಿ ಬೆಂಚಿಗೆ ಟಿಮೋನ್ ಬಂದ,
ಕಿಸೆಯಲ್ಲಿ ಇಸ್ಪೀಟು ಇಟ್ಟುಕೊಂಡು.
ಮಾರ್ಚಿಗೆ ಕಲೀನಾ, ಹಲ್ಲು ಬಿದ್ದ ಬಾಯಿ.
ಗೇಟಿನ ಹತ್ತಿರ ನಾವು ದೊಡ್ಡವರು
ಮೊದಲು ಹವೆಯ ಮಾತಾಡಿದೆವು,
ಆಮೇಲೆ ದನಿ ತಗ್ಗಿಸಿ, "ನಿಮ್ಮವಳೂ ಹೊರಗೇನಾ?"
ಸಾನೋಕ್ ಸಣ್ಣ ಊರು.
ಗೋಡೆಗೂ ಕಿವಿ, ಕಿವಿಗೂ ಚರ್ಚು.

ಓಲ್ಗಿಯೆರ್ಡನ ಸೈಕಲ್ ಅಂಗಡಿಯ ಹಿಂದಿನ ಕೋಣೆ,
ಟ್ಯೂಬಿನ ಅಂಟಿನ ವಾಸನೆ, ಪ್ರತಿ ಶನಿವಾರ ಸೂಪು.
ನಮ್ಮನ್ನು ನಾವು ಏನೆಂದು ಕರೆದುಕೊಳ್ಳುವುದು?
ಎರಡು ಗಂಟೆ ಕಿತ್ತಾಡಿದೆವು.
ಸಿಕ್ಕ ಹೆಸರೆಲ್ಲ "ಇಲ್ಲ"ದಲ್ಲೇ ಶುರುವಾಗುತ್ತಿತ್ತು.
ಎಷ್ಟು ಇಲ್ಲಗಳನ್ನು ಕೂಡಿಸಿದರೆ ಒಂದು ಮನೆ?
ಮೂಲೆಯಲ್ಲಿ ಚಕ್ರ ತಿರುಗಿಸುತ್ತಿದ್ದ ಕಲೀನಾ
ತಲೆ ಎತ್ತದೆ ಹೇಳಿದಳು: "ಬೆಂಚು."
ಹಾಗೇ ಉಳಿಯಿತು.

ಎಲ್ಲ ಸಲೀಸಾಗಿತ್ತು ಎಂದುಕೊಳ್ಳಬೇಡಿ.
ಮೇ ತಿಂಗಳ ಭಾನುವಾರ, ಮೊದಲ ಪರಮಪ್ರಸಾದ,
ಬೀದಿ ತುಂಬ ಬಿಳಿ ಗೌನು, ತಲೆಯಲ್ಲಿ ಹೂ,
ಉಡುಗೊರೆಗೆ ಕೈಗಡಿಯಾರ.
ಕಿಟಕಿಗೆ ಮೂಗು ಒತ್ತಿ ನನ್ನ ಮಗಳು
"ದೇವರು ಬೇಡ. ಗೌನು ಬೇಕು" ಎಂದಳು.
ಅದಕ್ಕೆ ನನ್ನ ಪುಸ್ತಕಗಳಲ್ಲಿ ಉತ್ತರವಿರಲಿಲ್ಲ.
ಸಾನ್ ನದಿಯ ದಂಡೆಗೆ ಗಾಳಿಪಟ ಹೊತ್ತು ಹೋದೆವು.
ಗಾಳಿಯೇ ಬೀಸಲಿಲ್ಲ.
ಮಕ್ಕಳು ಕೆಸರಾದರು, ಟಿಮೋನ್ ಅತ್ತ,
ಗಂಟೆಯ ಸದ್ದು ನೀರಿನ ಮೇಲೆ
ತಡೆಯಿಲ್ಲದೆ ಬಂತು.

ಅಕ್ಟೋಬರಿನಲ್ಲಿ ಸೆವೆರಿನ್ ಸತ್ತ.
ಬಸ್ಸಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ವೆಲ್ಡರು.
ಶನಿವಾರ ಸೂಪಿಗೆ ಬರುತ್ತಿದ್ದ, ಚರ್ಚೆಗಲ್ಲ.
ನಮ್ಮ ಮಾತು ಉದ್ದವಾದಾಗ ಚಮಚದಿಂದ ತಟ್ಟೆ ಬಡಿಯುತ್ತಿದ್ದ.
ಪಾದ್ರಿ ಬೇಡ, ಗಂಟೆ ಬೇಡ ಎಂದು ಬರೆದಿಟ್ಟಿದ್ದ,
ಏನು ಬೇಕು ಎಂದು ಬರೆದಿರಲಿಲ್ಲ.

ದೇವರಿಲ್ಲದವನಿಗೂ ಕೊನೆಗೆ
ನಾಲ್ಕು ಹೆಗಲು ಬೇಕು.
ನಮ್ಮಲ್ಲಿ ಗಂಡಸರು ಮೂವರು.
ಎಡಗಡೆಯ ಹಿಂದಿನ ಹೆಗಲು ನನ್ನದಾಯಿತು,
ಮರದ ಅಂಚು ಇನ್ನೂ ಮೂಳೆಗೆ ನೆನಪಿದೆ.
ಮಂತ್ರದ ಜಾಗದಲ್ಲಿ ನಾನು ಓದಿದ್ದು
ಅವನು ಬೆಸುಗೆ ಹಾಕಿದ ಬಸ್ಸುಗಳು ಓಡುವ ಊರುಗಳ ಹೆಸರು.
ಅರ್ಧಕ್ಕೆ ನನ್ನ ದನಿ ಕೈಕೊಟ್ಟಿತು, ಓಲ್ಗಿಯೆರ್ಡ್ ಮುಗಿಸಿದ.

ದೂರದ ಬರ್ಚ್ ಮರದ ಕೆಳಗೆ ಅಮ್ಮ.
ಬಾ ಎಂದು ಯಾರೂ ಕರೆದಿರಲಿಲ್ಲ.
ಕೋಟಿನ ಕಿಸೆಯೊಳಗೆ ಬೆರಳು ಆಡುತ್ತಿತ್ತು,
ಜಪಸರ, ನನಗೆ ಗೊತ್ತು.
ಓಲ್ಗಿಯೆರ್ಡ್ ನನ್ನ ಮುಖ ನೋಡಿದ.
ನಾನು ಮಣ್ಣು ನೋಡಿದೆ.
ಎಲ್ಲ ಮುಗಿದ ಮೇಲೆ ಹತ್ತಿರ ಬಂದು
ಗಸಗಸೆ ಹೂರಣದ ಕೇಕಿನ ಡಬ್ಬಿ ಕೈಗಿತ್ತಳು.
"ಅವನಿಗಲ್ಲ. ಹೊತ್ತವರಿಗೆ."
ನಿನಗೂ ಒಂದು ತುಂಡು ಎಂದೆ.
ನಿಂತೇ ತಿಂದಳು.

ಈ ಸೆಪ್ಟೆಂಬರಿನಲ್ಲಿ ಬೆಂಚಿಗೆ ಹೊಸ ಹುಡುಗ,
ಒಂದನೇ ಕ್ಲಾಸು, ಹೆಸರು ಹೇಳಲೂ ಭಯ.
ಅಜ್ಜಿ ಹೆಣೆದ ಉಣ್ಣೆಯ ಹಾಸನ್ನು
ಡೋಬ್ರಾವ ಅವನ ಕಡೆ ಎಳೆದಳಂತೆ.
"ಮೊದಲು ಗೂಟ ಎಣಿಸು," ಅಂದಳಂತೆ,
"ಮುರಿದದ್ದನ್ನೂ ಸೇರಿಸಿ."