ಸಾಕ್ಷಿಗೆ ಗಂಜಿ

ಆ ಶಬ್ದ ನನ್ನ ನಾಲಿಗೆಗೆ ಒಗ್ಗಲು ಮೂರು ವರ್ಷ ಹಿಡಿಯಿತು:
ದ್ಯುತಿಸಂಶ್ಲೇಷಣೆ.
ಹತ್ತನೇ ಇಯತ್ತೆಗೆ ಎರಡು ಸಲ ಡುಮ್ಕಿ ಹೊಡೆದವ ನಾನು,
ಸದಾಶಿವಗಡದ ಹೈಸ್ಕೂಲಿನಲ್ಲಿ ಪ್ರಯೋಗಶಾಲೆಯ ಜವಾನ.
ಬೀಕರು ತೊಳೆಯುತ್ತ ತೊಳೆಯುತ್ತ
ಗೋಡೆಯಾಚೆಯ ಅದೇ ಪಾಠ ಇಪ್ಪತ್ತೆಂಟು ಸಲ ಕೇಳಿದವ.

"ಎಲೆಯ ಕೆಳಮೈ ತುಂಬ ಬಾಯಿಗಳುಂಟು,"
ಎನ್ನುವರು ಎಸ್ಪರಾನ್ಸ ಟೀಚರು,
"ನಾವು ಬಿಟ್ಟ ಉಸಿರು ಒಳಗೆ ಹೋಗುವುದು ಅಲ್ಲಿಂದ.
ನೀರು ಬೇರಿನಿಂದ ಹತ್ತಿ ಬರುವುದು.
ಹಸಿರಿನ ಮೇಲೆ ಬಿಸಿಲು ಬಿತ್ತೋ,
ನೀರು ಒಡೆಯಿತು.
ಒಂದು ಪಾಲು ಗಾಳಿಯಾಗಿ ಹೊರಗೆ, ಅದು ನಿಮಗೆ.
ಉಳಿದ ಪಾಲು ಒಳಗೇ ನಿಂತು
ನಿಮ್ಮ ಉಸಿರಿನ ಇಂಗಾಲವನ್ನು ಹಿಡಿದು
ಸಕ್ಕರೆ ಕಟ್ಟುವುದು."
ಹೊಗೆಯಿಲ್ಲ, ಸೈರನ್ನಿಲ್ಲ.
ಕೈಗಾಕ್ಕೆ ಹೋಗುವ ಪಾಳಿಯ ಬಸ್ಸಿನಷ್ಟೂ ಸದ್ದಿಲ್ಲ.

ನಾನು ಒರೆಸುತ್ತಿದ್ದ ಗಾಜಿನ ಮೇಲೆ ನನ್ನದೇ ಉಸಿರು ಕೂತಿತ್ತು.
ಯಾವ ಎಲೆಗೆ ಬೇಕೋ ಏನೋ ಎಂದು
ಒಂದು ಗಳಿಗೆ ಕೈ ತಡೆದೆ.

ಈ ವರ್ಷ ಪುನರ್ವಸು ಮಳೆಯಲ್ಲಿ
ಪರಿವೀಕ್ಷಣೆಗೆ ಸಾಹೇಬರು ಬಂದರು.
ಒಂಬತ್ತು ದಿನದಿಂದ ದೇವಗಡದ ದೀಪಸ್ತಂಭ ಕಂಡಿರಲಿಲ್ಲ.
ಕಾಳಿ ಎಲ್ಲಿ ಮುಗಿಯಿತು, ಕಡಲು ಎಲ್ಲಿ ಸುರುವಾಯಿತು,
ಸೇತುವೆಯ ಮೇಲೆ ನಿಂತರೂ ಗೊತ್ತಾಗದ ಕಾವಳ.
ಕುಂಡದ ದಾಸವಾಳದ ಎಲೆಗೆ ಕಪ್ಪು ಕಾಗದದ ಪಟ್ಟಿ ಕಟ್ಟಿ
ವರಾಂಡದಲ್ಲಿಟ್ಟವ ನಾನೇ.
ತಪ್ಪು ನನ್ನದೋ, ಮೋಡದ್ದೋ.

ಶೇವಂತಿ ತಾಂಡೇಲ ಪಟ್ಟಿ ಬಿಚ್ಚಿದಳು.
ಎಲೆಯನ್ನು ನೀರಲ್ಲಿ ಕುದಿಸಿದಳು, ಆಮೇಲೆ ಸ್ಪಿರಿಟಿನಲ್ಲಿ.
ಹಸಿರೆಲ್ಲ ಸ್ಪಿರಿಟಿಗೆ ಇಳಿದು
ಎಲೆ, ಬಾಣಂತಿಯ ಮುಖದ ಹಾಗೆ, ಬಿಳಿಚಿತು.
ಅಯೋಡಿನ್ ಬಿಟ್ಟಳು.
ಪಟ್ಟಿಯ ಒಳಗೂ ಕಂದು, ಪಟ್ಟಿಯ ಹೊರಗೂ ಕಂದು.
"ಎಲ್ಲಿ ನೀಲಿ?" ಎಂದರು ಸಾಹೇಬರು.
ಪುಸ್ತಕದ ಚಿತ್ರದಲ್ಲಿ ನೀಲಿ ಇತ್ತು.

"ಸರ್, ಎಲೆ ಸರಿಯಾಗಿ ಉಂಡಿಲ್ಲ," ಎಂದಳು ಹುಡುಗಿ.
"ಬಿಸಿಲಿಲ್ಲ. ಹಗಲು ದುಡಿದ ಅಷ್ಟಿಷ್ಟು
ರಾತ್ರಿ ಖರ್ಚಾಗಿರಬೇಕು.
ಬೋಟು ಮೇಲೆಳೆದ ಮೇಲೆ ನಮ್ಮನೆಯಲ್ಲೂ ಹಾಗೇ.
ಮೊದಲು ಒಣ ಬಂಗುಡೆ,
ಆಮೇಲೆ ಒಣ ಸೆಟ್ಲಿ,
ಆಮೇಲೆ ಡಬ್ಬಿಯ ತಳ."

ಯಾರೂ ನಗಲಿಲ್ಲ. ಸಾಹೇಬರ ಪೆನ್ನು ಕಾಗದದ ಮೇಲೆ ನಿಂತೇ ಇತ್ತು.

ನಾನು ಅಡುಗೆಮನೆಗೆ ಹೋದೆ, ಯಾರ ಅಪ್ಪಣೆಯೂ ಕೇಳದೆ.
ದ್ರೌಪದಕ್ಕ ತನಗೆಂದು ಬೇಯಿಸಿದ್ದಳು
ಗಜನಿಯ ಕಗ್ಗದಕ್ಕಿಯ ಕೆಂಪು ಗಂಜಿ.
ಉಪ್ಪುನೀರಲ್ಲಿ ಕುತ್ತಿಗೆಮಟ್ಟ ನಿಂತು ಬೆಳೆದ ಅಕ್ಕಿ,
ತವರಿನಿಂದ ತಂದದ್ದು.
ಒಂದು ಬಟ್ಟಲು ತಂದು ಮೇಜಿನ ಮೇಲಿಟ್ಟೆ.
ಬಿಸಿಯಲ್ಲಿ ನೀಲಿ ನಿಲ್ಲುವುದಿಲ್ಲ
(ಅದೂ ಗೋಡೆಯಾಚೆಯಿಂದಲೇ ಕಲಿತದ್ದು),
ಗಂಜಿ ಆರುವ ತನಕ
ಸಾಹೇಬರನ್ನು ಕಾಯಿಸಿದೆ.

ಒಂದು ಹನಿ.
ಬೈತಖೋಲ ದಾಟಿ ಆಳ ಸಿಗುವಲ್ಲಿ
ನೀರಿಗಿರುವ ಬಣ್ಣ
ಬಟ್ಟಲ ತುಂಬ ಹರಡಿತು.

"ಇದು ಹೋದ ನವರಾತ್ರಿಯ ಬಿಸಿಲು,"
ಎಂದರು ಎಸ್ಪರಾನ್ಸ ಟೀಚರು, ಮೆಲ್ಲಗೆ.
ಸಾಹೇಬರು ಏನು ಬರೆದರೋ ನಮಗೆ ತೋರಿಸಲಿಲ್ಲ.
ದ್ರೌಪದಕ್ಕ ಮಾತ್ರ ಬೈದಳು:
ಉಣ್ಣುವುದಕ್ಕೆ ಶಾಯಿ ಹಾಕುವವರೇ?

ನಾಲ್ಕು ದಿನ ಬಿಟ್ಟು, ಮಧ್ಯಾಹ್ನ, ಮೋಡ ಹರಿದು
ಇಪ್ಪತ್ತು ನಿಮಿಷ ಬಿಸಿಲು ಬಿತ್ತು.
ದಾಸವಾಳದ ಇನ್ನೊಂದು ಎಲೆಗೆ ಕಟ್ಟಿದ್ದ ಪಟ್ಟಿಯನ್ನು
ಬಿಚ್ಚಿ ಕಿಸೆಗೆ ಹಾಕಿಕೊಂಡೆ.
ಕುಂಡವನ್ನು ಅಂಗಳಕ್ಕೆ ಎಳೆದೆ.
ಕೀಳಲಿಲ್ಲ, ಕುದಿಸಲಿಲ್ಲ, ಸಾಕ್ಷಿ ಕೇಳಲಿಲ್ಲ.
ಉಣ್ಣುವವರ ಬಾಯಿ ನೋಡಬಾರದು ಅನ್ನುತ್ತಿದ್ದಳು ಅವ್ವ.
ಬೆನ್ನು ತಿರುಗಿಸಿ
ಬೀಕರು ತೊಳೆಯತೊಡಗಿದೆ.