ಪಿಳ್ಳಾಂಜಿನಪ್ಪನ ಡ್ರೈವ್

ಕರವಸ್ತ್ರದಲ್ಲಿ ಸುತ್ತಿ ತಂದಿದ್ದರು,
ತೂಕಡಿಸುವ ಕೋಳಿಮರಿಯ ಹಾಗೆ.
"ನೋಡು ತಸ್ಲೀಮಾ, ಶಿಡ್ಲಘಟ್ಟದ ಸತ್ತೋರೆಲ್ಲಾ
ಇದರೊಳಗವ್ರೆ. ನಿನ್ನೆ ಸಂಜೆಯಿಂದ ಇದೂ ಸತ್ತೈತೆ."

ಹದಿನಾಲ್ಕು ವರ್ಷದ ಫ್ಲೆಕ್ಸು.
ಹುಟ್ಟುಹಬ್ಬಕ್ಕೆ ಕೂಲಿಂಗ್ ಗ್ಲಾಸಿನಲ್ಲಿ ನಿಂತವರನ್ನೇ
ಗ್ಲಾಸು ಅಳಿಸಿ, ಕಣ್ಣು ಕೂರಿಸಿ,
ಹಿಂದೆ ಮೋಡ, ಮೂಲೆಗೊಂದು ದೀಪ ಅಂಟಿಸಿ
ಪುಣ್ಯಸ್ಮರಣೆಗೆ ಕಳಿಸುವ ಕೈ ಅವರದು.
ನಾಳಿದ್ದು ದಿಬ್ಬೂರಹಳ್ಳಿ ಸೊಣ್ಣಮ್ಮನಿಗೆ ಮೂರನೇ ವರ್ಷ.
ಮನೆಯವರ ಹತ್ತಿರ ಬೇರೆ ಫೋಟೋ ಇಲ್ಲ.

ಹಳೇ ಡಿಸ್ಕಾದರೆ ಸಾಯುವಾಗ ಸದ್ದು ಮಾಡುತ್ತದೆ,
ಟಕ್ ಟಕ್ ಎಂದು ಒಳಗಿನಿಂದ ಬಾಗಿಲು ಬಡಿಯುತ್ತದೆ.
ಇದಕ್ಕೆ ತಿರುಗುವುದೂ ಇಲ್ಲ, ನರಳುವುದೂ ಇಲ್ಲ.
ಕೇಬಲ್ ಚುಚ್ಚಿದೆ.
ಇನ್ನೂರ ನಲವತ್ತು ಜಿ.ಬಿ.ಯ ಆಸಾಮಿ
"ನಾನು ಎರಡು ಎಂ.ಬಿ." ಅಂದಿತು.
ಹೆಸರು ಕೇಳಿದರೆ ಇನ್ಯಾರದೋ ಹೆಸರು.
ಆಗ ಧೈರ್ಯ ಬಂತು ನನಗೆ:
ತಲೆ ಕೆಟ್ಟಿದೆ, ಹೊಟ್ಟೆ ಕೆಟ್ಟಿಲ್ಲ.
ಒಳಗೆಲ್ಲ ಇದೆ; ಯಾವುದು ಎಲ್ಲಿ ಎಂದು ಬರೆದಿಟ್ಟ
ಲೆಕ್ಕದ ಪುಸ್ತಕವಷ್ಟೇ ಹರಿದಿದೆ.

ಚಿಮಟದ ಎರಡು ತುದಿ ಎರಡು ಚುಕ್ಕೆಯ ಮೇಲೆ,
ಉಸಿರು ಹಿಡಿದು, ಪವರ್ ಕೊಟ್ಟು,
ಒಂದು, ಎರಡು, ಬಿಡು.
ಬರಲಿಲ್ಲ.
ಏಳನೇ ಸಲವೂ ಬರಲಿಲ್ಲ. ಎಂಟನೇ ಸಲ ಕರೆಂಟೇ ಹೋಯಿತು.

ಕತ್ತಲಲ್ಲಿ ಅಮ್ಮಿ ನೆನಪಾದಳು, ಬಿಸಿನೀರ ಬಾಣಲೆಯ ಮುಂದೆ:
ಬೆಂದ ಗೂಡನ್ನು ಕುಂಚದಿಂದ ಸವರಿ ಸವರಿ
ಸಿಕ್ಕುನೂಲು ಕಿತ್ತು ಎಸೆದು
ಒಂದೇ ಒಂದು ತುದಿಗಾಗಿ ಕಾಯುವವಳು.
ಎಳೆಯಬೇಡ, ಅದಾಗಿ ಬಿಚ್ಚಿಕೊಳ್ಳುವವರೆಗೆ
ಎಳೆಯಲೇಬೇಡ, ಅನ್ನುವವಳು.
ನೀರಲ್ಲಿ ನೆನೆದು ಗೆರೆ ಅಳಿಸಿಹೋದ ಅವಳ ಬೆರಳನ್ನು
ರೇಷನ್ ಅಂಗಡಿಯ ಯಂತ್ರ ಒಮ್ಮೆಯೂ ಒಪ್ಪಲಿಲ್ಲ.

ರಾತ್ರಿ ಒಂದೂವರೆಗೆ ತುದಿ ಸಿಕ್ಕಿತು.

ಬಂದವು. ಹೆಸರಿಲ್ಲದೆ, ಊರಿಲ್ಲದೆ, ಬರೀ ನಂಬರು ಕಟ್ಟಿಕೊಂಡು
ನಾಲ್ಕು ಸಾವಿರದ ಚಿಲ್ಲರೆ ಮುಖ.
ಕೆಲವರು ಮೂಗಿನವರೆಗೆ ಬಂದು ನಿಂತರು,
ಕೆಳಗೆಲ್ಲ ಬೂದಿ ಬಣ್ಣ.

ಬೆಳಿಗ್ಗೆ ಪಿಳ್ಳಾಂಜಿನಪ್ಪ ಸ್ಟೂಲಿನ ಮೇಲೆ ಕೂತು
ಒಬ್ಬೊಬ್ಬರನ್ನೇ ಕರೆದರು.
"ಇವ್ರು ಮಳ್ಳೂರಿನ ಟೊಮೇಟೊ ಮಂಡಿಯೋರು.
ಇವನು ಲೈನ್‌ಮ್ಯಾನ್ ಗಂಗುಲಪ್ಪ, ಮೀಸೆ ನಾನೇ ಹಾಕಿದ್ದು.
ಇವ್ರು... ಇರು... ಬಾಯಲ್ಲೇ ಐತೆ..."
ಹೇಳಿದ್ದನ್ನು ಟೈಪು ಮಾಡುತ್ತಾ ಹೋದೆ.
ಸೊಣ್ಣಮ್ಮ ಸಿಕ್ಕಳು, ತಲೆ ಮೇಲೆ ಸೆರಗು, ಪೂರ್ತಿ.

ಮಧ್ಯಾಹ್ನದ ಹೊತ್ತಿಗೆ ಹೆಸರು ಹೇಳುವುದು ಬಿಟ್ಟು
ಬರೀ ನೋಡತೊಡಗಿದರು.
"ಇನ್ನೊಂದಿತ್ತಲ್ಲಮ್ಮಾ, ನನ್ನ ತಮ್ಮಂದು.
ಜಮೀನಿನ ಕೇಸು ನಡೀತಿದ್ದಾಗ ನಾನೇ ಒತ್ತಿಬಿಟ್ಟೆ.
ಈಗ ಫ್ಲೆಕ್ಸಿಗೆ ಬೇಕಿತ್ತು."

ಹೇಳಬೇಕಾಯಿತು.
ಕೆಟ್ಟದ್ದು ಬರುತ್ತದೆ ಅಣ್ಣಾ, ಅಳಿಸಿದ್ದು ಬರುವುದಿಲ್ಲ.
ಈ ಜಾತಿಯ ಡ್ರೈವು ಅಳಿಸು ಅಂದರೆ ಅಂದಂತೆ ನಡೆಯುತ್ತದೆ,
ನಾವು ಸುಮ್ಮನಾದ ಮೇಲೆ ಕೂತು
ಆ ಜಾಗವನ್ನು ತೊಳೆದಿಡುತ್ತದೆ
ಮುಂದೆ ಬರುವವರಿಗೆ.

ಎಣಿಸಿ ಮೇಜಿನ ಮೇಲೆ ದುಡ್ಡಿಟ್ಟರು.
ಇನ್ನು ಯಾವ ಕೆಲಸಕ್ಕೂ ಬಾರದ ಡ್ರೈವನ್ನು
ಮತ್ತೆ ಅದೇ ಕರವಸ್ತ್ರದಲ್ಲಿ ಸುತ್ತಿಕೊಂಡರು.
ಮೆಟ್ಟಿಲಿಳಿದವರು ತಿರುಗಿ ಹತ್ತಿ ಬಂದರು:
"ಆ ಇಪ್ಪತ್ತೇಳನೇ ನಂಬರಿನೋರು...
ಗಂಜಿಗುಂಟೆ ಬುಡ್ಡಪ್ಪ. ಬರ್ಕೋ."